ಹಗಲು ಸೇವೆ, ಸಂಜೆ ಓದು

ಪ್ರಶ್ನೆ: ಅಮೆರಿಕದ ನನ್ನ ಯಹೂದಿ ಸಹೋದ್ಯೋಗಿ ಕಾಲೇಜು ಮುಗಿಸಿ ಒಂದು ವರ್ಷ ಸೇವೆ ಮತ್ತು ಧರ್ಮದ ಓದು ಎರಡನ್ನೂ ಒಟ್ಟಿಗೆ ಮಾಡಿದರಂತೆ. ಎರಡಕ್ಕೂ ಏನು ಸಂಬಂಧ?

ಉತ್ತರ: ಬಹಳ ಹತ್ತಿರದ ಸಂಬಂಧ. ಅಲ್ಲಿ ಇಂಥ ಕೆಲಸ ಮಾಡುವ ಸಂಸ್ಥೆಗಳಲ್ಲಿ ‘ಅವೋದಾ’ ಒಂದು, 1998ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದದ್ದು. ಹೀಬ್ರೂವಿನಲ್ಲಿ ಆ ಪದಕ್ಕೆ ಕೆಲಸ, ಸೇವೆ, ಆರಾಧನೆ ಮೂರೂ ಅರ್ಥ ಇವೆ. ನಮಗೆ ಕಾಯಕ ನೆನಪಾಗುತ್ತದೆ, ಅಲ್ವಾ? ಹುಡುಗ ಹುಡುಗಿಯರು ಒಂದು ವರ್ಷ ಒಂದೇ ಮನೆಯಲ್ಲಿದ್ದು, ಹಗಲು ಬಡವರ ಮನೆ, ಆರೋಗ್ಯ, ಕಾನೂನು ನೆರವಿನಂಥ ಕೆಲಸಗಳಿರುವ ಸಂಸ್ಥೆಗಳಲ್ಲಿ ದುಡಿಯುತ್ತಾರೆ, ಬಿಡುವಿನಲ್ಲಿ ಸೇರಿ ಓದುತ್ತಾರೆ.

ಓದು ಅಂದರೆ ಸುಮ್ನೆ ಪಾಠ ಕೇಳುವುದಲ್ಲ. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಸಾಲು ಓದಿದರೆ ಇನ್ನೊಬ್ಬರು ಪ್ರಶ್ನೆ ಎತ್ತುವ ‘ಹೆವ್ರೂತಾ’ ಪದ್ಧತಿ ಯಹೂದಿಗಳಲ್ಲಿ ತುಂಬಾ ಹಳೆಯದು. ಉದಾಹರಣೆಗೆ, ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು ಅಂತ ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿದೆ. ಎಷ್ಟು ಬಿಡಬೇಕು? ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬೇಡ ಅನ್ನುತ್ತದೆ ಮಿಶ್ನಾ, ಅಂದರೆ ಅವರ ಹಳೆಯ ಧರ್ಮನಿಯಮಗಳ ಸಂಗ್ರಹ. ಬಾಡಿಗೆ ಕಟ್ಟಲಾಗದೆ ಬೀದಿಗೆ ಬೀಳುವ ಕುಟುಂಬವನ್ನು ಹಗಲೆಲ್ಲ ನೋಡಿ ಬಂದವರಿಗೆ ಈ ಲೆಕ್ಕ ಹಳೇ ಪುಸ್ತಕದ್ದು ಅನ್ನಿಸುವುದಿಲ್ಲ. ಬಡವರಿಗೆ ಕೊಡುವುದಕ್ಕೆ ಹೀಬ್ರೂವಿನಲ್ಲಿರುವ ಪದ ‘ತ್ಸೆದಕಾ’. ಅದನ್ನು ನಾವು ದಾನ ಅಂತೀವಿ, ಆದರೆ ಅದರ ಮೂಲ ‘ತ್ಸೆದೆಕ್’, ಅಂದರೆ ನ್ಯಾಯ. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ನಿಮ್ಮ ಸಹೋದ್ಯೋಗಿಯನ್ನೂ ಈ ಪದದ ಬಗ್ಗೆ ಕೇಳಿ ನೋಡಿ.