ಪ್ಲೇಟ್‌ಲೆಟ್ ಎಣಿಕೆ ಸರಿಯಿದೆ, ರಕ್ತ ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಆಗಾಗ ಮೂಗಿನಿಂದ ರಕ್ತ ಸುರಿಯುತ್ತದೆ, ಕೆಲವೊಮ್ಮೆ ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಪೆಟ್ಟಾಗದಿದ್ದರೂ ಮೈಮೇಲೆ ನೀಲಿ ಕಲೆಗಳೇಳುತ್ತವೆ. ಪ್ಲೇಟ್‌ಲೆಟ್ 2.8 ಲಕ್ಷವಿದೆ, ಚಿಂತಿಸಬೇಡಿ ಎಂದಿದ್ದಾರೆ. ನಾನು ಸೋದರಮಾವನನ್ನು ಮದುವೆಯಾದವಳು. ಇದು ಅದರಿಂದ ಬಂದದ್ದೇ?

ಉತ್ತರ: ಡೆಂಗಿಯ ದಯೆಯಿಂದ ಪ್ಲೇಟ್‌ಲೆಟ್ ಎಣಿಕೆ ನಮ್ಮಲ್ಲಿ ಮನೆಮಾತಾಗಿದೆ, ಆದರೆ ಎಣಿಕೆ ಸರಿಯಿದ್ದ ಮಾತ್ರಕ್ಕೆ ಅವು ಕೆಲಸ ಮಾಡುತ್ತಿವೆ ಎನ್ನುವಂತಿಲ್ಲ. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡುವರ್ಡ್ ಗ್ಲಾನ್ಸ್‌ಮನ್ ಗುರುತಿಸಿದ, ಈಗ ಅವರ ಹೆಸರಿನಲ್ಲೇ ಇರುವ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ, ಗಾತ್ರ ಎರಡೂ ಸರಿಯಾಗಿಯೇ ಇರುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹಿಡಿದು ಒಂದಕ್ಕೊಂದು ಅಂಟಿಕೊಳ್ಳಲು ಅವುಗಳ ಮೈಮೇಲಿರಬೇಕಾದ ಪ್ರೋಟೀನು ಇರುವುದಿಲ್ಲ ಅಥವಾ ಕೆಟ್ಟಿರುತ್ತದೆ. ನಿಮ್ಮ ಮಗಳಿಗೆ ಇದೇ ಇದೆ ಎಂದು ಪತ್ರ ನೋಡಿ ಹೇಳಲಾಗದು. ರಕ್ತ ಹೆಪ್ಪುಗಟ್ಟಲು ನೆರವಾಗುವ ಇನ್ನೊಂದು ಪ್ರೋಟೀನಿನ ಕೊರತೆಯಿಂದ ಬರುವ ವಾನ್ ವಿಲೆಬ್ರಾಂಡ್ ಕಾಯಿಲೆಯೂ ಹೀಗೆಯೇ ತೋರಬಹುದು. ರಕ್ತರೋಗ ತಜ್ಞರಲ್ಲಿ ಪ್ಲೇಟ್‌ಲೆಟ್ ಅಗ್ರಿಗೇಷನ್ (ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆಯೇ ಎಂದು ನೋಡುವ) ಮತ್ತು ಫ್ಲೋ ಸೈಟೋಮೆಟ್ರಿ (ಅವುಗಳ ಮೈಮೇಲೆ ಆ ಪ್ರೋಟೀನು ಇದೆಯೇ ಎಂದು ನೋಡುವ) ಪರೀಕ್ಷೆಗಳನ್ನು ಮಾಡಿಸಿ. ಕಬ್ಬಿಣಾಂಶದ ಕೊರತೆಯನ್ನೂ ನೋಡಿಸಿ.

ಗ್ಲಾನ್ಸ್‌ಮನ್ ಕಾಯಿಲೆ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ರಕ್ತಸಂಬಂಧದ ಮದುವೆಯಲ್ಲಿ ಇಬ್ಬರೂ ಅದನ್ನು ಒಬ್ಬರೇ ಹಿರಿಯರಿಂದ ಪಡೆದಿರುವ ಸಾಧ್ಯತೆ ಹೆಚ್ಚು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಆದರೆ ವೈದ್ಯರಿಗೆ ತಿಳಿಸಲೇಬೇಕಾದ ವಿಷಯವಿದು. ಕಾಯಿಲೆ ಖಚಿತವಾದರೆ ಮುಂದಿನ ಪ್ರತಿ ಗರ್ಭದಲ್ಲೂ ಮಗುವಿಗೆ ಅದು ಬರುವ ಸಂಭವ ಶೇ. 25, ಹಾಗಾಗಿ ಇನ್ನೊಂದು ಮಗುವಿನ ಯೋಚನೆಗೆ ಮೊದಲು ಜೆನೆಟಿಕ್ ಸಲಹೆ ಪಡೆಯಿರಿ.

ಸಣ್ಣ ರಕ್ತಸ್ರಾವಗಳಿಗೆ ವೈದ್ಯರು ಹೆಪ್ಪು ಬೇಗ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧಿ ಕೊಡುತ್ತಾರೆ. ಪ್ಲೇಟ್‌ಲೆಟ್ ಏರಿಸುವುದನ್ನು ದೊಡ್ಡ ರಕ್ತಸ್ರಾವಕ್ಕೂ ಶಸ್ತ್ರಚಿಕಿತ್ಸೆಗೂ ಕಾದಿಡುವುದು ಲೇಸು, ಏಕೆಂದರೆ ಮತ್ತೆ ಮತ್ತೆ ಏರಿಸಿದರೆ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ ಮುಂದೊಂದು ದಿನ ಏರಿಸಿದ ಪ್ಲೇಟ್‌ಲೆಟ್‌ಗಳು ಫಲಿಸದೆ ಹೋಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಲಸಿಕೆಗಳನ್ನು ಬಿಡಬೇಡಿ, ಆದರೆ ಚುಚ್ಚುವ ಮೊದಲೇ ಸಮಸ್ಯೆಯನ್ನು ತಿಳಿಸಿ. ಹಲ್ಲುಜ್ಜಿದರೆ ರಕ್ತ ಬರುತ್ತದೆಂದು ಉಜ್ಜುವುದನ್ನೇ ನಿಲ್ಲಿಸಿದರೆ ವಸಡು ಊದಿ ಇನ್ನಷ್ಟು ಸೋರುತ್ತದೆ. ಮೆತ್ತನೆಯ ಬ್ರಷ್ ಬಳಸಿ.

ಮೂಗಿನಿಂದ ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ವಾಲಿಸಿ ನೆತ್ತಿಗೆ ತಣ್ಣೀರು ತಟ್ಟುವ ರೂಢಿಯನ್ನು ಕೈಬಿಡಿ. ಮಗುವನ್ನು ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ನಡುವೆ ಬಿಟ್ಟು ನೋಡದೆ ಹತ್ತರಿಂದ ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.