ವಿದೇಶಿ ಕಂಪನಿಗಳನ್ನು ಕರೆಯಲು ಸರ್ಕಾರವೇ ಯಾಕೆ ದುಡ್ಡು ಹಾಕಬೇಕು?

ಬೇರೆ ಯಾರೂ ಹಾಕುವುದಿಲ್ಲ, ಅದಕ್ಕೆ. ಕಾರ್ಖಾನೆ ಬಂದರೆ ಲಾಭ ಊರಿಗೆಲ್ಲ ಹಂಚಿಹೋಗುತ್ತದೆ. ನಮ್ಮ ನಂಜನಗೂಡನ್ನೇ ನೋಡಿ. ಆಸ್ಟ್ರಿಯಾದ ಎಟಿ ಅಂಡ್ ಎಸ್ ಅಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುತ್ತದೆ, ಸ್ವಿಟ್ಜರ್ಲೆಂಡಿನ ನೆಸ್ಲೆ ಇನ್‌ಸ್ಟಂಟ್ ಕಾಫಿ ಪುಡಿ ಮಾಡುತ್ತದೆ. ಇಂಥ ಕಡೆ ಶಿಫ್ಟ್ ಬಸ್ ಓಡಿಸುವವರು, ಕ್ಯಾಂಟೀನಿಗೆ ತರಕಾರಿ ಹಾಕುವವರು, ಮನೆ ಬಾಡಿಗೆಗೆ ಕೊಟ್ಟವರು, ಎಲ್ಲರ ಕೈಗೂ ಒಂದಿಷ್ಟು ಸೇರುತ್ತದೆ. ಆದರೆ ಇವರಲ್ಲಿ ಯಾರೂ ಸ್ವಂತ ಖರ್ಚಿನಲ್ಲಿ ವಿದೇಶಕ್ಕೆ ಹೋಗಿ ‘ನಮ್ಮೂರಿಗೆ ಬನ್ನಿ’ ಅನ್ನುವುದಿಲ್ಲ, ಅಲ್ವಾ?

ಆ ಕೆಲಸಕ್ಕೇ ರಾಜ್ಯ ಸರ್ಕಾರದ ಕರ್ನಾಟಕ ಉದ್ಯೋಗ ಮಿತ್ರ ಇರುವುದು. ಜಾಗ ಎಲ್ಲಿದೆ, ಯಾವ ಅನುಮತಿ ಯಾರ ಹತ್ತಿರ ಎಂದು ದಾರಿ ತೋರಿಸುತ್ತದೆ. ಇದರ ಜೊತೆ ಮೈಸೂರು ಭಾಗಕ್ಕೇ ಒಂದು ತಂಡ ಇದ್ದರೆ ಇನ್ನೂ ಒಳ್ಳೆಯದು ಅಂತ ನನಗನ್ನಿಸುತ್ತದೆ. ನಂಜನಗೂಡಿನ ಹತ್ತಿರದ ತಾಂಡ್ಯ ಕೈಗಾರಿಕಾ ಪ್ರದೇಶದ ಪ್ಲಾಟಿಗೆ ನೀರು, ಕರೆಂಟು ಹೇಗೆ ಬರುತ್ತದೆ ಅನ್ನುವುದು ಇಲ್ಲಿಯವರಿಗೇ ಜಾಸ್ತಿ ಗೊತ್ತು.