ಕಾಲರ್ ಬೋನ್ ಮುರಿದರೆ ಆಪರೇಷನ್ ಅನಿವಾರ್ಯವೇ?

ಬೈಕಿನಿಂದ ಬಿದ್ದು ಕಾಲರ್ ಬೋನ್ (ಕತ್ತಿನ ಬುಡದಿಂದ ಭುಜದವರೆಗಿನ ಮೂಳೆ) ಮುರಿದ ವಯಸ್ಕರಿಗೆ ಆಪರೇಷನ್ ಬೇಕೇ ಎಂಬುದು ಮುಖ್ಯವಾಗಿ ಎಕ್ಸ್‌ರೇಯಲ್ಲಿ ತುಂಡುಗಳು ಎಷ್ಟು ಸರಿದಿವೆ ಎಂಬುದನ್ನು ಅವಲಂಬಿಸಿದೆ. ಹೆಚ್ಚು ಸರಿದಿಲ್ಲದಿದ್ದರೆ ತೋಳನ್ನು ಸ್ಲಿಂಗ್‌ನಲ್ಲಿ ಇಟ್ಟುಕೊಂಡರೆ ಸಾಮಾನ್ಯವಾಗಿ 6ರಿಂದ 12 ವಾರಗಳಲ್ಲಿ ಮೂಳೆ ತಾನಾಗಿ ಕೂಡುತ್ತದೆ. ಕೂಡಿದ ಜಾಗದಲ್ಲಿ ಕೈಗೆ ತಗಲುವ ಗಂಟೊಂದು ಉಳಿಯಬಹುದು, ಅಷ್ಟೆ. ಮೂಳೆಯ ಚೂಪು ತುದಿ ಚರ್ಮವನ್ನು ಒಳಗಿನಿಂದ ಬಿಳಿಚುವಷ್ಟು ಒತ್ತುತ್ತಿದ್ದರೆ, ಚರ್ಮ ಸೀಳಿದ್ದರೆ, ನರಕ್ಕೋ ರಕ್ತನಾಳಕ್ಕೋ ಪೆಟ್ಟಾಗಿದ್ದರೆ ಕಾಯುವಂತಿಲ್ಲ. ನಿಜವಾದ ಗೊಂದಲವಿರುವುದು ನಡುಭಾಗ ಪೂರ್ತಿ ಸರಿದು, ಮೂಳೆ ಸುಮಾರು 2 ಸೆಂ.ಮೀ. ಗಿಡ್ಡವಾದಾಗ: ಆಪರೇಷನ್ ಮಾಡಿ ಪ್ಲೇಟ್ (ತುಂಡುಗಳನ್ನು ಹಿಡಿದಿಡುವ ಲೋಹದ ಫಲಕ) ಹಾಕಿದರೆ ಮೂಳೆ ಕೂಡದೆ ಉಳಿಯುವ ಸಂಭವ ಕಡಿಮೆಯಾದರೂ, ಸೋಂಕಿನ ಅಪಾಯ, ಗಾಯದ ಕೆಳಗೆ ಜೋಮು, ಬ್ಯಾಗಿನ ಪಟ್ಟಿ ಪ್ಲೇಟಿಗೆ ಒತ್ತಿ ನೋವು ಬಂದು ಅದನ್ನು ತೆಗೆಸುವ ಎರಡನೆಯ ಆಪರೇಷನ್ ಇವೂ ಲೆಕ್ಕಕ್ಕೆ ಬರುತ್ತವೆ. ಭಾರ ಎತ್ತುವ ಕೆಲಸದವರಿಗೆ ಪ್ಲೇಟ್, ಧೂಮಪಾನಿಯಲ್ಲದ (ಧೂಮಪಾನದಿಂದ ಮೂಳೆ ಕೂಡುವುದು ತಡವಾಗುತ್ತದೆ) ಕಚೇರಿ ಉದ್ಯೋಗಿಗೆ ಸ್ಲಿಂಗ್ ಎಂಬತ್ತ ನನ್ನ ಒಲವು.